ಏನೋ ಆಯಿತು

ರಾತ್ರಿ ಒಂಬತ್ತೂವರೆಗೆ ಭಾವನ ಫೋನು. ತಿಪಟೂರಿನಲ್ಲಿ ಅವರದು ಕೊಬ್ಬರಿ ಮಂಡಿ. ಬೆಳಗಾದರೆ ಹರಾಜು. ಮಂಡಿಯ ಲೆಕ್ಕದ ಸಾಫ್ಟ್‌ವೇರ್ ತೆರೆದುಕೊಳ್ಳುತ್ತಿಲ್ಲ.

“ಏನಯ್ಯಾ, ನಿಂಗೆ ಕಂಪ್ಯೂಟರ್ ಗೊತ್ತಲ್ಲ, ಸ್ವಲ್ಪ ನೋಡು” ಎಂದರು. ನನಗೆ ಕಂಪ್ಯೂಟರ್ ಗೊತ್ತು ಎಂಬುದು ನಮ್ಮ ನೆಂಟರ ನಂಬಿಕೆ. ಇಪ್ಪತ್ತು ವರ್ಷದ ಹಿಂದೆ ಅವರ ಮನೆ ಕಂಪ್ಯೂಟರಿನ ಪರದೆಗೆ ಮಂಜುನಾಥ ಸ್ವಾಮಿಯ ಫೋಟೋ ಹಾಕಿಕೊಟ್ಟಿದ್ದೆ. ಅವತ್ತಿನಿಂದ ನಾನು ಇಂಜಿನಿಯರು.

ಆದದ್ದು ಇಷ್ಟು. ಅಕ್ಕನ ಮಗ ಹಬ್ಬಕ್ಕೆ ಊರಿಗೆ ಬಂದಿದ್ದ. ಕಂಪ್ಯೂಟರನ್ನು ನಡೆಸುವ ಹಳೇ ಆಪರೇಟಿಂಗ್ ಸಿಸ್ಟಮ್ಮಿನ, ಅಂದರೆ ವಿಂಡೋಸ್ 10ರ, ಕಾಲ ಮುಗಿಯಿತು ಅನ್ನೋ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ಹೊಸದನ್ನು ಹಾಕಿದ. ಜಾಗ ಮಾಡಿಕೊಡ್ತೀನಿ ಅಂತ ಕಸ ಗುಡಿಸುವ ಯಾವುದೋ ಸಾಫ್ಟ್‌ವೇರನ್ನೂ ಓಡಿಸಿದ. “ಈಗ ಫ್ರೆಶ್ ಆಗಿದೆ ಅಪ್ಪ” ಎಂದು ಹೇಳಿ ಬೆಂಗಳೂರಿನ ರೈಲು ಹತ್ತಿದ.

ಲೆಕ್ಕದ ಸಾಫ್ಟ್‌ವೇರ್ ತೆರೆದರೆ ‘ಇದು ಹಳೆಯದು, ಅಪ್‌ಡೇಟ್ ಮಾಡಿ’ ಎನ್ನುತ್ತದೆ. ಅಪ್‌ಡೇಟ್ ಒತ್ತಿದರೆ ‘ಮೊದಲು ಹಳೆಯದನ್ನು ತೆಗೆಯಬೇಕು, ಆದರೆ ತೆಗೆಯಲು ಆಗುತ್ತಿಲ್ಲ’ ಎನ್ನುತ್ತದೆ. ಸರಿ, ನಾವೇ ತೆಗೆಯೋಣ ಎಂದು ಹೋದರೆ ‘ಮೂಲ ಸಿಡಿ ಹಾಕಿ’ ಎನ್ನುತ್ತದೆ.

“ಸಿಡಿ ಇದೆಯಾ ಭಾವ?”

“ಇದೆ. ಹಿತ್ತಲ ಸೀಬೆ ಗಿಡದಲ್ಲಿ.”

ಗಿಳಿಗಳ ಕಾಟಕ್ಕೆ ದಾರ ಕಟ್ಟಿ ನೇತು ಹಾಕಿದ್ದರಂತೆ. ಬಿಸಿಲಿಗೆ ಮಿಂಚುತ್ತೆ, ಗಿಳಿ ಹತ್ತಿರ ಸುಳಿಯಲ್ಲ. ಪಾಪ, ಟಾರ್ಚ್ ಹಿಡಿದು ಹೋಗಿ ಬಿಚ್ಚಿಕೊಂಡು ಬಂದರು. ಪಂಚೆ ತುದಿಯಲ್ಲಿ ಒರೆಸಿದರು. ಆಮೇಲೆ ನೋಡಿದರೆ ಕಂಪ್ಯೂಟರಿಗೆ ಸಿಡಿ ಹಾಕುವ ಬಾಯಿಯೇ ಇಲ್ಲ.

ಇದು ಸೈಟಿನ ಮದರ್ ಡೀಡ್ ಕಳೆದುಹೋದ ಕಥೆಯೇ. ವಿಂಡೋಸಿನಲ್ಲಿ ಇನ್‌ಸ್ಟಾಲರ್ ಎಂಬ ಹೆಸರಿನ ಒಂದು ಫೋಲ್ಡರ್ ಮರೆಯಲ್ಲಿ ಕೂತಿರುತ್ತದೆ. ಹಲವು ಸಾಫ್ಟ್‌ವೇರುಗಳನ್ನು ಹಾಕುವಾಗ ಅವುಗಳ ಮೂಲಪತ್ರದ ಒಂದು ನಕಲು ಅಲ್ಲಿ ಸೇರುತ್ತದೆ. ಮುಂದೆ ಅವನ್ನು ತಿದ್ದಬೇಕಾದರೂ ಸರಿ, ತೆಗೆಯಬೇಕಾದರೂ ಸರಿ, ಆ ನಕಲು ಬೇಕು. ಗುಡಿಸುವವರ ಕಣ್ಣಿಗೆ ಅದು ಸುಮ್ನೆ ಜಾಗ ತಿನ್ನುವ ಕಸ. ಗುಡಿಸಿ ಎಸೆದರೆ ಮುಗಿಯಿತು. ಸಾಫ್ಟ್‌ವೇರ್ ಮನೆಯಲ್ಲೇ ಇದ್ದರೂ ಬಾಳಲ್ಲ, ಹೊರಡು ಅಂದರೆ ಹೊರಡಲ್ಲ.

ಅಷ್ಟರಲ್ಲಿ ಇನ್ನೊಂದು ಸಂದೇಶ: ‘ನಿಮ್ಮ ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ.’

“ಯಾರಯ್ಯಾ ಅದು? ನಂಬರ್ ಕೊಡು, ನಾನೇ ಮಾತಾಡ್ತೀನಿ.”

“ನೀವೇ ಭಾವ.”

“ನಾನಾ? ನಂಗೆ ಯಾರೂ ಹೇಳಲೇ ಇಲ್ವಲ್ಲ!”

ಸಾಫ್ಟ್‌ವೇರ್ ಕಂಪನಿಯ ಸಹಾಯವಾಣಿಗೆ ಸಂಜೆಯೇ ಫೋನ್ ಮಾಡಿದ್ದರಂತೆ. ಹೆಸರು ಬೇಡ ಬಿಡಿ. ಅಲ್ಲಿನ ಹುಡುಗ ಬಹಳ ಮರ್ಯಾದೆಯಿಂದ “ಸರ್, ಅದು ಆಪರೇಟಿಂಗ್ ಸಿಸ್ಟಮ್ ಪ್ರಾಬ್ಲಮ್ಮು” ಎಂದನಂತೆ. ಆಪರೇಟಿಂಗ್ ಸಿಸ್ಟಮ್ಮಿನ ಸಹಾಯ ಪುಟ ತೆರೆದರೆ ‘ಸಾಫ್ಟ್‌ವೇರ್ ತಯಾರಕರನ್ನು ಸಂಪರ್ಕಿಸಿ’ ಎಂದಿದೆ. ತಾಲ್ಲೂಕು ಕಚೇರಿಯಲ್ಲಿ ಈ ಟೇಬಲ್ಲಿನಿಂದ ಆ ಟೇಬಲ್ಲಿಗೆ ಓಡಾಡುವಾಗ ನಡುವೆ ಒಂದು ಕಾಫಿ ಆದರೂ ಸಿಗುತ್ತದೆ.

ಅಂದಹಾಗೆ, ಹಳೇ ಸುದ್ದಿ ಒಂದು ನೆನಪಾಯಿತು. 2015ರಲ್ಲಿ ವಿಂಡೋಸ್ 10 ಬರುವ ಹೊತ್ತಿಗೆ ಮೈಕ್ರೋಸಾಫ್ಟಿನವರೊಬ್ಬರು ಸಮ್ಮೇಳನದಲ್ಲಿ ನಿಂತು ಇದೇ ಕೊನೆಯ ವಿಂಡೋಸ್ ಎಂದಿದ್ದರು. ಅನುಮಾನ ನಮಗೆ ಆಗಲೇ ಬರಬೇಕಿತ್ತು. ‘ಇದೇ ನನ್ನ ಕೊನೇ ಚುನಾವಣೆ’ ಎಂದವರನ್ನು ನಾವು ಎಷ್ಟು ಸಲ ಗೆಲ್ಲಿಸಿಲ್ಲ? 2021ರ ಅಕ್ಟೋಬರಿನಲ್ಲಿ ವಿಂಡೋಸ್ 11 ಬಂತು. 2025ರ ಅಕ್ಟೋಬರ್ 14ಕ್ಕೆ, ಕೊನೆಯದು ಎನಿಸಿಕೊಂಡದ್ದಕ್ಕೇ ಕೊನೆ ಬಂತು.

ಅದೇ 2015ರಲ್ಲಿ ಅಪ್‌ಗ್ರೇಡ್ ಮಾಡಲು ಹೋದ ಕೆಲವರಿಗೆ ಪರದೆಯ ಮೇಲೆ ಒಂದು ಸಂದೇಶ ಕಾಣಿಸಿಕೊಂಡಿತು. ಶೀರ್ಷಿಕೆ: ಸಮ್‌ಥಿಂಗ್ ಹ್ಯಾಪನ್ಡ್. ಅದರ ಕೆಳಗೆ ವಿವರಣೆ: ಸಮ್‌ಥಿಂಗ್ ಹ್ಯಾಪನ್ಡ್. ಆಮೇಲೆ ಒಂದು ಕ್ಲೋಸ್ ಬಟನ್. ಜಗತ್ತೆಲ್ಲ ನಕ್ಕಿತು. ನಾನು ಮಾತ್ರ ಆ ಸಾಲು ಬರೆದವರ ಅಭಿಮಾನಿ. ನಿಶ್ಚಯವಾದ ಮದುವೆ ಮುರಿದಾಗ ಹೆಣ್ಣಿನ ಮನೆಯವರು ಹೇಳುವ ಮಾತೂ ಇದೇ ಅಲ್ವಾ? “ಏನೋ ಆಯ್ತು ಬಿಡಿ.” ಅದರಾಚೆ ಕೇಳುವುದು ಸಭ್ಯತೆಯಲ್ಲ.

ಇನ್ನು ವಿಂಡೋಸ್ 11ರ ವರಪರೀಕ್ಷೆ. ಗಣಕದೊಳಗೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಇರಬೇಕು. ಇಂಟೆಲ್ ಪ್ರೊಸೆಸರ್ ಆದರೆ, ಒಂದೆರಡು ವಿನಾಯಿತಿ ಬಿಟ್ಟು, ಎಂಟನೇ ತಲೆಮಾರಿನದಾದರೂ ಆಗಿರಬೇಕು. ಏಳನೇ ತಲೆಮಾರಿನವರು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಪಂಕ್ತಿಯಲ್ಲಿ ಕೂರುವಂತಿಲ್ಲ. 2016ರಲ್ಲಿ ದುಡ್ಡು ಸುರಿದು ಕೊಂಡ ಕಂಪ್ಯೂಟರಿಗೆ ‘ನೀನು ಅರ್ಹನಲ್ಲ’ ಎಂಬ ಪತ್ರ. ಹೋಗಲಿ, ಹಳೆಯದರಲ್ಲೇ ಇರುತ್ತೇವೆ ಎಂದವರಿಗೆ ಭದ್ರತಾ ಅಪ್‌ಡೇಟುಗಳಿಗೆ ಇನ್ನೊಂದು ವರ್ಷದ ವಾಯಿದೆ ಕೊಟ್ಟರು, 2026ರ ಅಕ್ಟೋಬರ್ 13ರವರೆಗೆ. ಮೂವತ್ತು ಡಾಲರ್ ಕೊಡಿ, ಇಲ್ಲವೇ ನಿಮ್ಮ ಸೆಟ್ಟಿಂಗುಗಳ ಬ್ಯಾಕಪ್ ನಮ್ಮ ಬಳಿ ಇಡಿ, ಇಲ್ಲವೇ ಸಾವಿರ ರಿವಾರ್ಡ್ ಪಾಯಿಂಟ್ ಕೊಡಿ. ಈ ಪಾಯಿಂಟು ಸಿಗುವುದು ಹೇಗೆ? ಅವರದೇ ಬಿಂಗ್‌ನಲ್ಲಿ ಹುಡುಕಾಡಿದರೆ. ಅಂದರೆ ದೇವಸ್ಥಾನದ ಸುತ್ತ ಉರುಳುಸೇವೆ ಮಾಡಿದರೆ ಪ್ರಸಾದ. ಯುರೋಪಿನಲ್ಲಿ ಗ್ರಾಹಕರ ಸಂಘಟನೆಯವರು ಗಲಾಟೆ ಎಬ್ಬಿಸಿದರು, ಅಲ್ಲಿಯವರಿಗೆ ಪುಕ್ಕಟೆ ಆಯಿತು. ನಾವು ಗಲಾಟೆ ಮಾಡಲಿಲ್ಲ. ನಾವು ಅಕ್ಕನ ಮಗನಿಗೆ ಫೋನ್ ಮಾಡಿದೆವು.

ಕನ್ನಡದ ಡಿಟಿಪಿ ಅಂಗಡಿಗಳ ವಿಷಯ ಹೇಳದಿದ್ದರೆ ನನಗೆ ನಿದ್ದೆ ಬರಲ್ಲ. ಯಾವ ಊರಿಗಾದರೂ ಹೋಗಿ, ಲಗ್ನಪತ್ರಿಕೆ ಮಾಡಿಕೊಡುವ ಹಳೇ ಅಂಗಡಿ ಹುಡುಕಿ. ಮೂಲೆಯಲ್ಲಿ ಒಂದು ಹಳದಿಗೆ ತಿರುಗಿದ ಕಂಪ್ಯೂಟರ್ ಇದ್ದರೂ ಇದ್ದೀತು. ಇಂಟರ್‌ನೆಟ್ ಇಲ್ಲ. ಕುಂಕುಮ ಇದೆ. ‘ಯಾರೂ ಮುಟ್ಟಬಾರದು’ ಎಂಬ ಚೀಟಿ ಇದೆ. ಒಳಗೆ ಪುಟ ಜೋಡಿಸುವ ಸಾಫ್ಟ್‌ವೇರ್, ಪೇಜ್‌ಮೇಕರ್. ಅದರ ಏಳನೇ ಆವೃತ್ತಿ ಬಂದದ್ದು 2001ರಲ್ಲಿ. ಎಂಟನೆಯದು ಬರಲೇ ಇಲ್ಲ. ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ ಎಂದರೆ ಏನೆಂದೇ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಅಂಗಡಿಯವರು ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಹಳೇ ಫಾಂಟುಗಳಿಗೆ ಗಂಟು ಬಿದ್ದರು. ತಪ್ಪು ಅವರದಲ್ಲ. ಅವತ್ತಿಗೆ ಕನ್ನಡವನ್ನು ಕಾಗದದ ಮೇಲೆ ತಂದದ್ದು ಅವೇ.

ಆ ಹಳೇ ಫಾಂಟುಗಳಲ್ಲಿ ಕನ್ನಡ ಕಾಣಿಸುತ್ತದೆ, ಒಳಗೆ ಇರುವುದಿಲ್ಲ. ಹೊಸ ಸಿಸ್ಟಮ್ ಹಾಕಿ, ಫಾಂಟು ಹಾಕಲು ಮರೆತು, ಹಳೇ ಕಡತ ತೆರೆದು ನೋಡಿ. ‘ಕನ್ನಡ’ ಎಂದು ಬರೆದ ಕಡೆ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಎಳೆದ ಎ, ಬ್ರಿಟಿಷರ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ನರ ಬಿ ಥರದ್ದೊಂದು ಅಕ್ಷರ, ಕ್ಯೂ, ಮತ್ತೊಮ್ಮೆ ಎ. ಮೂರಕ್ಷರದ ಕನ್ನಡದಲ್ಲಿ ಅರ್ಧ ಯುರೋಪು. ಪರಿವರ್ತಕಗಳು ಇವೆ, ನಿಜ. ಆದರೆ ಕಡತ ಒಂದಲ್ಲ, ಇಪ್ಪತ್ತು ವರ್ಷದ್ದು. ಯುನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಹೋಗಲಿ, ಯುನಿಕೋಡ್ ಫಾಂಟಿನ ಗತಿ? ವಿಂಡೋಸ್ ಎಕ್ಸ್‌ಪಿಯ ಜೊತೆ ಕನ್ನಡಕ್ಕೆ ತುಂಗಾ ಎಂಬ ಫಾಂಟ್ ಬಂದಿತ್ತು. ಗಂಗಾ ಸ್ನಾನ, ತುಂಗಾ ಪಾನ ಎಂದು ನಾವೂ ಖುಷಿಪಟ್ಟೆವು. ವಿಂಡೋಸ್ 10ಕ್ಕೆ ಬರುವ ಹೊತ್ತಿಗೆ ತುಂಗೆಯನ್ನು ‘ಐಚ್ಛಿಕ’ ವಿಭಾಗಕ್ಕೆ ಸಾಗಿಸಿದರು. ಬೇಕಾದವರು ಸೆಟ್ಟಿಂಗ್ಸ್‌ಗೆ ಹೋಗಿ ಇಳಿಸಿಕೊಳ್ಳಬೇಕು. ಶೃಂಗೇರಿಗೆ ಹೋಗಿ, ಮೀನಿಗೆ ಮಂಡಕ್ಕಿ ಹಾಕೋಣ ಅಂದರೆ, ನದಿ ಬೇಕಾದರೆ ಅರ್ಜಿ ಹಾಕಿ ಎಂದಹಾಗೆ.

ಹಳೇ ಸಿಡಿಗಳದ್ದು ಬೇರೆಯೇ ತಮಾಷೆ. ತೊಂಬತ್ತರ ದಶಕದ ಕೆಲವು ಸಾಫ್ಟ್‌ವೇರುಗಳು 32 ಬಿಟ್ಟಿನವು (ಬಿಟ್ ಅಂದರೆ ಒಂದೇ ತುತ್ತಿಗೆ ಎಷ್ಟು ಮಾಹಿತಿ ನುಂಗಬಲ್ಲದು ಎಂಬ ಅಳತೆ), ಇವತ್ತೂ ಓಡಬಲ್ಲವು. ಆದರೆ ಅವನ್ನು ಹಾಕಿಕೊಡುವ ಸೆಟಪ್ 16 ಬಿಟ್ಟಿನದು. ವಿಂಡೋಸ್ 11 ಪೂರ್ತಿ 64 ಬಿಟ್. ಅದು 16 ಬಿಟ್ಟನ್ನು ಒಳಗೇ ಬಿಡಲ್ಲ. ಗಂಡು ಆರೋಗ್ಯವಾಗಿಯೇ ಇದ್ದಾನೆ, ದಿಬ್ಬಣದ ಬಸ್ಸು ಚೆಕ್‌ಪೋಸ್ಟಿನಲ್ಲಿ ನಿಂತಿದೆ.

ಇಲ್ಲಿಯವರೆಗೆ ನಗುತ್ತಲೇ ಬರೆದೆ. 2024ರ ಜನವರಿಯದ್ದಕ್ಕೆ ನಗು ಬರಲ್ಲ. ವಿಂಡೋಸ್ 10ಕ್ಕೆ ಒಂದು ಭದ್ರತಾ ಅಪ್‌ಡೇಟ್ ಬಂತು. ಬಹಳ ಜನಕ್ಕೆ ಅದು ಹತ್ತಲಿಲ್ಲ. ದೋಷ ಸಂಖ್ಯೆ ಸೊನ್ನೆ ಎಕ್ಸ್ 80070643. ಕಾರಣ, ಕಂಪ್ಯೂಟರ್ ಕೆಟ್ಟರೆ ಎಬ್ಬಿಸಲೆಂದು ಡಿಸ್ಕಿನ ಮೂಲೆಯಲ್ಲಿ ಮೀಸಲಿಟ್ಟ ರಿಕವರಿ ಪಾರ್ಟಿಷನ್ನಿನಲ್ಲಿ 250 ಎಂಬಿ ಜಾಗ ಬೇಕಿತ್ತು, ಇರಲಿಲ್ಲ. ಆ ಪಾರ್ಟಿಷನ್ನನ್ನು ಜನ ತಾವಾಗಿ ಮಾಡಿಕೊಂಡದ್ದಲ್ಲ. ಬಹಳ ಮಂದಿಗೆ ಅದು ಇದೆ ಎಂದೇ ಗೊತ್ತಿಲ್ಲ. ಪರಿಹಾರ ಏನು ಕೊಟ್ಟರು? ಕಪ್ಪು ಕಿಟಕಿ ತೆರೆದು, ಕಮಾಂಡುಗಳನ್ನು ಒಂದೊಂದಾಗಿ ಟೈಪ್ ಮಾಡಿ, ಡಿಸ್ಕನ್ನು ಕುಗ್ಗಿಸಿ, ಪಾರ್ಟಿಷನ್ ಅಳಿಸಿ, ಮತ್ತೆ ಮಾಡಿ. ತಿಂಗಳುಗಟ್ಟಲೆ ಕಾದ ಮೇಲೆ, ಇದು ತಾನಾಗಿ ಸರಿಹೋಗುವುದಿಲ್ಲ, ನೀವೇ ಕೈಯಿಂದ ಮಾಡಿಕೊಳ್ಳಬೇಕು ಎಂದರು. ಒಂದು ಅಂಕಿ ತಪ್ಪಿದರೆ ಮಗಳ ನಾಮಕರಣದ ಫೋಟೋಗಳೂ ಹೋಗುತ್ತವೆ. ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಕಂಬ ಹತ್ತುವ ವಿಧಾನ ಕಳಿಸಿದ್ದೇವೆ, ಹತ್ತಿಕೊಳ್ಳಿ ಎಂದಂತೆ. ಮಂಡಿಯಲ್ಲಿ ಕೂತವನು, ಶಾಲೆಯಲ್ಲಿ ಅಂಕಪಟ್ಟಿ ಮಾಡುವ ಮೇಷ್ಟ್ರು, ಪಿಂಚಣಿ ಅರ್ಜಿ ತುಂಬುವ ಅಜ್ಜ, ಇವರು ಯಾಕೆ ಕಲಿಯಬೇಕು ಇದನ್ನು? ದುಡ್ಡು ಕೊಟ್ಟು ತಂದದ್ದು. ನಿನ್ನೆವರೆಗೆ ನಡೆಯುತ್ತಿತ್ತು. ಅವರು ಏನೂ ಮಾಡಿಲ್ಲ.

ಸರಿ, ಭಾವನ ಕಥೆಗೆ ಬರುತ್ತೇನೆ. ವಿಡಿಯೋ ಕಾಲ್ ಹಾಕಿಸಿದೆ. ಅವರು ಫೋನನ್ನು ತಲೆಕೆಳಗಾಗಿ ಹಿಡಿದಿದ್ದರು, ನಾನು ಕತ್ತು ತಿರುಗಿಸಿದೆ. ಮೊದಲು ಲೆಕ್ಕದ ಡೇಟಾ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಸಿದೆ. ಅದೊಂದು ಆದಮೇಲೆ ಇಬ್ಬರಿಗೂ ಉಸಿರು ಬಂತು. ತೆಗೆಯಲಾಗದ ಸಾಫ್ಟ್‌ವೇರುಗಳ ಬೇರು ಕೀಳಲು ಮೈಕ್ರೋಸಾಫ್ಟಿನದೇ ಒಂದು ಸಣ್ಣ ಟ್ರಬಲ್‌ಶೂಟರ್ ಪುಕ್ಕಟೆ ಸಿಗುತ್ತದೆ. ಅದನ್ನು ಇಳಿಸಿಕೊಂಡು ಓಡಿಸಿದೆವು. ಹಳೆಯದು ಕೊನೆಗೂ ಜಾಗ ಬಿಟ್ಟಿತು. ಕಂಪ್ಯೂಟರ್ ಒಮ್ಮೆ ಆರಿ ಹೊತ್ತಿಕೊಂಡಿತು. ಹೊಸದನ್ನು ಹಾಕಿ, ಡೇಟಾ ತೋರಿಸಿದಾಗ ಹನ್ನೆರಡು ಮುಕ್ಕಾಲು. ರೈತರ ಬಾಕಿ, ಕಮಿಷನ್, ಹಮಾಲಿ, ಎಲ್ಲ ಇದ್ದಲ್ಲೇ ಇತ್ತು.

“ಏನಾಗಿತ್ತಯ್ಯಾ?” ಎಂದರು ಭಾವ.

ಮೂರು ತಾಸು ಒದ್ದಾಡಿದವನು ನಾನು. ಇನ್‌ಸ್ಟಾಲರ್ ಫೋಲ್ಡರಿನ ಪುರಾಣ ಹೇಳಲು ತ್ರಾಣ ಇರಲಿಲ್ಲ. “ಏನೋ ಆಗಿತ್ತು ಭಾವ” ಎಂದೆ.

ಮರುದಿನ ಸಂಜೆ ಮತ್ತೆ ಫೋನು. ಎದೆ ಧಸಕ್ಕೆಂದಿತು.

“ಲೆಕ್ಕ ಚೆನ್ನಾಗಿ ನಡೀತಾ ಇದೆ ಕಣಯ್ಯಾ. ಆದ್ರೆ ರಾತ್ರಿ ಬಿಚ್ಚಿದ ಸಿಡಿ ಟೇಬಲ್ ಮೇಲೇ ಬಿಟ್ಟಿದ್ದೆ. ಬೆಳಗ್ಗೆ ಎದ್ದು ನೋಡಿದ್ರೆ ಗಿಳಿಗಳು ಬಂದು ಸೀಬೆಕಾಯಿ ಅಷ್ಟೂ ಕಚ್ಚಿ ಹಾಕಿವೆ. ಈಗ ತಾನೇ ವಾಪಸ್ ಕಟ್ಟಿ ಬಂದೆ.”