ಚರಂಡಿಯೊಳಗೆ ನಲ್ಲಿ ಪೈಪು

ನಿನ್ನೆ ಎಂಟು ದಿನದ ಮೇಲೆ ಚಿತ್ರದುರ್ಗದ ನಮ್ಮ ಬೀದಿಗೆ ನೀರು ಬಂತು. ಅಮ್ಮ ಮೊದಲ ಎರಡು ಬಿಂದಿಗೆ ಹಿಡಿದು, ಮೂಸಿ ನೋಡಿ, ಬಚ್ಚಲಿಗೆ ಸುರಿದರು. ಮೂರನೆಯದೂ ಅದೇ ವಾಸನೆ. ಹೊರಗೆ ಹೋಗಿ ನೋಡಿದೆ. ನಮ್ಮ ಮನೆಗೆ ಬರುವ ಪೈಪು ಚರಂಡಿಯೊಳಗೇ ಹಾದು ಹೋಗಿದೆ, ಒಡೆದ ಕಡೆ ಯಾರೋ ಸೈಕಲ್ ಟ್ಯೂಬ್ ಸುತ್ತಿ ಬಿಗಿದಿದ್ದಾರೆ, ಅದರ ಮೇಲೆ ಕಪ್ಪು ನೀರು ಹರೀತಾ ಇದೆ.

ಹವಾಮಾನ ಬದಲಾವಣೆ ಅಂದರೆ ನನಗೆ ಈ ಟ್ಯೂಬೇ ನೆನಪಾಗುತ್ತದೆ. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳ್ತೀರಾ? ಪೈಪಿನ ತುಂಬ ನೀರಿದ್ದು ಒತ್ತಡ ಇದ್ದರೆ ಬಿರುಕಿನಿಂದ ನೀರು ಹೊರಗೆ ಸೋರುತ್ತದೆ, ಅಷ್ಟೇ. ನೀರು ನಿಲ್ಲಿಸಿದಾಗ ಖಾಲಿಯಾಗುವ ಪೈಪು ಅದೇ ಬಿರುಕಿನಿಂದ ಚರಂಡಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಹವಾಮಾನ ಬದಲಾದ ಹಾಗೆ ಬರವೂ ಹೆಚ್ಚು, ಒಮ್ಮೆಲೇ ಸುರಿಯುವ ಮಳೆಯೂ ಹೆಚ್ಚು. ಬರ ಬಂದರೆ ಪೈಪು ಖಾಲಿ ಇರುವ ದಿನ ಜಾಸ್ತಿ. ತಿಂಗಳ ಮಳೆ ಒಂದೇ ಸಂಜೆ ಸುರಿದರೆ ಚರಂಡಿ ಉಕ್ಕಿ ಪೈಪೇ ಮುಳುಗುತ್ತದೆ.

ಎರಡನ್ನೂ ನಾವು ಬೆನ್ನುಬೆನ್ನಿಗೆ ಕಂಡಿದ್ದೇವೆ. 1933ರ ಮೇಲೆ 2022ರಲ್ಲಿ ಮಾರಿಕಣಿವೆ, ಅಂದರೆ ನಮ್ಮ ವಾಣಿವಿಲಾಸ ಸಾಗರ ಜಲಾಶಯ, ಕೋಡಿ ಬಿತ್ತು, ಜನ ಬಂಡಿ ಕಟ್ಟಿಕೊಂಡು ನೋಡೋಕೆ ಹೋದರು. ಮರುವರ್ಷವೇ ಬರ. ಅದೇ 2023ರಲ್ಲಿ ನಮ್ಮ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಆಮೇಲಿಂದ ನಲ್ಲಿ ನೀರು ವಾಸನೆ ಬಂದರೆ ನನಗೆ ಎದೆ ಝಲ್ ಅನ್ನುತ್ತದೆ.

ಮಾರಿಕಣಿವೆಯಿಂದಲೋ ಸೂಳೆಕೆರೆಯಿಂದಲೋ ಅಷ್ಟು ದೂರದಿಂದ ತಂದು, ಶುದ್ಧ ಮಾಡಿದ ನೀರು ಕೊನೆಯ ನೂರು ಅಡಿಯಲ್ಲಿ ಕೆಡ್ತಾ ಇದೆ. ದುಡ್ಡು ಮೊದಲು ಅಲ್ಲಿಗೆ ಹೋಗಬೇಕು. ಚರಂಡಿಯಲ್ಲಿರುವ ಪೈಪು ಕಿತ್ತು ಬೇರೆ ಕಡೆ ಹಾಕಲಿ. ಕ್ಲೋರಿನ್ ಎಷ್ಟಿದೆ ಅಂತ ಟ್ಯಾಂಕಿನಲ್ಲಿ ಮಾತ್ರ ನೋಡಿದರೆ ಸಾಲದು, ಬೀದಿಯ ಕೊನೆ ಮನೆ ನಲ್ಲಿಯಲ್ಲೂ ನೋಡಲಿ.

ಮಳೆನೀರಿನ ವಿಷಯ ನಮಗೆ ಹೊಸದಲ್ಲ. ಕೋಟೆ ಹತ್ತಿದವರಿಗೆ ಗೊತ್ತು, ಬಂಡೆ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ, ಅಕ್ಕ-ತಂಗಿ ಹೊಂಡಕ್ಕೆ ಇಳಿದು, ಅಲ್ಲಿಂದ ಸಿಹಿನೀರು ಹೊಂಡ, ಕೆಳಗೆ ಸಂತೆಹೊಂಡದ ತನಕ ಬರುವ ಹಾಗೆ ಕಟ್ಟಿದ್ದರು. ಒಂದು ಹೊಂಡದ ಕೋಡಿ ಮುಂದಿನ ಹೊಂಡದ ಒರತೆ. ಎಂಥ ಬುದ್ಧಿ ಅಲ್ವಾ! ಈಗ ನಮ್ಮ ಬೀದಿಯ ಮಳೆನೀರೂ ಬಚ್ಚಲ ನೀರೂ ಒಂದೇ ಚರಂಡಿಗೆ ಬೀಳುತ್ತವೆ. ಮಳೆನೀರಿಗೆ ಬೇರೆ ಕಾಲುವೆ ಮಾಡಿ ಹೊಂಡ, ಕೆರೆಗೆ ಬಿಟ್ಟರೆ ಚರಂಡಿ ಉಕ್ಕೋದು ತಪ್ಪುತ್ತದೆ, ಬೇಸಿಗೆಗೆ ಬೋರ್‌ವೆಲ್ಲಿಗೂ ಸ್ವಲ್ಪ ಜೀವ ಬರುತ್ತದೆ.

ಭಾನುವಾರ ಬೆಳಗ್ಗೆ ನಾವು ಬೀದಿಯವರೆಲ್ಲ ಸೇರಿ ಚರಂಡಿಯೊಳಗಿರುವ ಪೈಪುಗಳನ್ನು ಎಣಿಸಿ, ಫೋಟೋ ಸಮೇತ ಅರ್ಜಿ ಕೊಡ್ತೀವಿ. ನಿಮ್ಮ ಬೀದಿಯಲ್ಲೂ ಹೀಗಿದ್ದರೆ ಒಂದು ಫೋಟೋ ಕಳಿಸಿ, ಬೀದಿ ಹೆಸರು ಬರೀರಿ. ಎಲ್ಲ ಒಟ್ಟಿಗೇ ಕೊಡೋಣ.