ಬೈಯುವ ಬಾಸ್‌ಗೆ ನಿಜ ಯಾರು ಹೇಳ್ತಾರೆ?

ಇವತ್ತು ಮಂಡ್ಯದ ಒಂದು ಬ್ಯಾಂಕಿನಲ್ಲಿ ನೋಡಿದ್ದಕ್ಕೆ ಇನ್ನೂ ಮೈ ಉರೀತಿದೆ. ಕೌಂಟರ್ ಮುಂದೆ ಪಾಸ್‌ಬುಕ್ ಹಿಡಿದ ಜನ. ಅಷ್ಟು ಜನರ ಎದುರಿಗೇ ಮ್ಯಾನೇಜರ್ ಒಬ್ಬ ಹುಡುಗಿಗೆ, "ತಿಂಗಳು ಮುಗೀತಾ ಬಂತು, ಒಂದು ಇನ್ಶೂರೆನ್ಸೂ ಮಾಡ್ಸಿಲ್ಲ. ಸಂಬಳ ಮಾತ್ರ ಬೇಕಲ್ವಾ?" ಅಂದರು. ಆಕೆ ತಲೆ ಎತ್ತದೆ ನೋಟು ಎಣಿಸುತ್ತಿದ್ದಳು. ಎಣಿಕೆ ತಪ್ಪಿತು. ಮತ್ತೆ ಮೊದಲಿನಿಂದ ಶುರು ಮಾಡಿದಳು.

ನಾನೂ ಬ್ಯಾಂಕಿನಲ್ಲೇ ಸವೆದವನು, ನಿಮಗೆ ಗೊತ್ತಲ್ಲ. ಹೀಗೆ ಬೈಸಿಕೊಂಡವರು ನಾಳೆ ತಮ್ಮ ಕೈಯಲ್ಲಿ ತಪ್ಪಾದರೆ ಬಂದು ಹೇಳ್ತಾರಾ? ಮುಚ್ಚಿಡ್ತಾರೆ.

ಗುತ್ತಲಿನ ಗೆಳೆಯನೊಬ್ಬ ಗಲ್ಫಿನ ಇಸ್ಲಾಮಿಕ್ ಬ್ಯಾಂಕಿನಲ್ಲಿದ್ದಾನೆ. ಸಂಜೆ ಫೋನಿನಲ್ಲಿ ಅವನ ಹತ್ತಿರ ಇದನ್ನೇ ಹೇಳಿಕೊಂಡೆ. ಅಲ್ಲಿ ಇಸ್ಲಾಂ ನಿಯಮದಂತೆ ಬಡ್ಡಿ ಇಲ್ಲ. ಗ್ರಾಹಕನಿಗೆ ಕಾರು ಬೇಕೆಂದರೆ ಬ್ಯಾಂಕೇ ಮೊದಲು ಅದನ್ನು ಕೊಂಡು, ತನ್ನ ಲಾಭ ಎಷ್ಟೆಂದು ಹೇಳಿ, ಕಂತಿನ ಮೇಲೆ ಅವನಿಗೆ ಮಾರುತ್ತದೆ. ಇದು ಮುರಾಬಹಾ. ಕಾರು ಬ್ಯಾಂಕಿನ ಕೈಗೆ ಬರುವ ಮೊದಲೇ ಮಾರಾಟದ ಪತ್ರಕ್ಕೆ ಸಹಿ ಬಿದ್ದರೆ ವ್ಯವಹಾರ ಕೆಟ್ಟಿತು. ಆ ಲಾಭ ಬ್ಯಾಂಕಿಗಿಲ್ಲ, ದಾನಕ್ಕೆ ಹೋಗಬೇಕು.

ಅವನ ವಿಭಾಗದ ಹೊಸ ಹುಡುಗನೊಬ್ಬ ಹೀಗೇ ಹಿಂದುಮುಂದು ಮಾಡಿಬಿಟ್ಟನಂತೆ. ಅವತ್ತೇ ಬಂದು ಹೇಳಿದ. ಬಾಸ್ ಕೂಗಾಡಲಿಲ್ಲ. ಬಾಗಿಲು ಹಾಕಿಕೊಂಡು, ಪತ್ರ ಯಾರ ಮೇಜಿನಲ್ಲಿ ತಪ್ಪಿತು ಅಂತ ಜೊತೆಗೆ ಕೂತು ಹುಡುಕಿದರು. ಅದೇ ಹುಡುಗ ಹೆದರಿದ್ದರೆ? ಸುಮ್ನೆ ತಾರೀಖು ತಿದ್ದಿ ಫೈಲ್ ಮುಚ್ಚುತ್ತಿದ್ದ. ವ್ಯವಹಾರ ಆ ನಿಯಮದಂತೆ ನಡೆದಿದೆಯಾ ಅಂತ ನೋಡುವ ಷರಿಯಾ ಮಂಡಳಿಗೆ ಸಿಗುತ್ತಿದ್ದುದು ತಿದ್ದಿದ ಕಾಗದ.

ಅವರ ಇನ್ನೊಂದು ಒಪ್ಪಂದ ಮುದಾರಬಾ. ಅಲ್ಲೂ ಪ್ರಾಮಾಣಿಕವಾಗಿ ದುಡಿದವನ ಮೇಲೆ ನಷ್ಟ ಹೊರಿಸುವುದಿಲ್ಲ. ಒಬ್ಬನ ದುಡ್ಡು, ಇನ್ನೊಬ್ಬನ ದುಡಿಮೆ. ಲಾಭವಾದರೆ ಮೊದಲೇ ಮಾತಾಡಿಕೊಂಡ ಪಾಲು. ದುಡಿಯುವವನು ಮೋಸ, ಅಸಡ್ಡೆ ಮಾಡದಿದ್ದರೆ ನಷ್ಟ ದುಡ್ಡು ಹಾಕಿದವನದ್ದು. ನಮ್ಮ ಕಡೆ ಗದ್ದೆಯನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಮಾಡಿದವನಿಗೆ ಬೆಳೆ ಹೋದರೆ ಆಗುವ ಹಾಗೆ, ದುಡಿದವನ ಬೆವರು ಆಗಲೇ ಹೋಗಿರುತ್ತದೆ. ಈ ನ್ಯಾಯ ಕೌಂಟರ್ ಒಳಗೆ ಕೂತವರಿಗೂ ಸಿಗಬೇಕು.

"ಹೆದರಿಕೆ ಇಲ್ದಿದ್ರೆ ಯಾರ್ರೀ ಕೆಲಸ ಮಾಡ್ತಾರೆ?" ಅನ್ನುವವರಿದ್ದೀರಿ. ಎಫ್‌ಡಿ ಮಾಡಿಸಲು ಬಂದ ಅಜ್ಜಿಗೆ ಪಾಲಿಸಿ ಕಟ್ಟಿ ಕಳಿಸುವುದು ಇದೇ ಹೆದರಿಕೆ ರೀ! ಗಲ್ಫಿನ ಆ ಬ್ಯಾಂಕುಗಳಲ್ಲೂ ಕಿರುಚುವ ಬಾಸ್‌ಗಳಿದ್ದಾರೆ ಅಂತ ಗೆಳೆಯನೇ ಹೇಳಿದ. ಇರಬಹುದು. ಪತ್ರದ ಕ್ರಮ ತಪ್ಪಿದರೆ ವ್ಯವಹಾರವೇ ಕೆಡುವ ಕಡೆ ಅಂಥವರಿಂದ ಹಾನಿ ಇನ್ನೂ ಜಾಸ್ತಿ.

ನನ್ನ ಗೆಳೆಯರಲ್ಲಿ ಮ್ಯಾನೇಜರ್‌ಗಳಿದ್ದೀರಿ. ನಿಮ್ಮನ್ನು ಕೇಳುವುದು ಇಷ್ಟೇ: ಹೇಳಬೇಕಾದ್ದಿದ್ದರೆ ಒಳಗೆ ಕರೆಸಿ, ಕೂರಿಸಿ, ಮೊದಲು ಏನಾಯಿತು ಅಂತ ಕೇಳಿ.