ಗೇರ್‌ಬಾಕ್ಸ್ ಕೈಕೊಟ್ಟಾಗ ಕುರ್ಚಿ ಬದಲಿಸಿದರೆ ಸಾಕೇ?

ಅಮೆರಿಕದ ವಿದ್ಯುತ್ ಕಾರು ಕಂಪನಿ ಟೆಸ್ಲಾದ ಆರಂಭದ ದಿನಗಳ ಕುರಿತ ಲೇಖನ ಓದಿದೆ. ಹೊರಗಿನಿಂದ ಬಂದ ಅನುಭವಿ ಅಧಿಕಾರಿಗಳೇ ಅದನ್ನು ಉಳಿಸಿದರು ಎಂಬ ಲೇಖಕರ ಮಾತನ್ನು ನಾನು ಒಪ್ಪುವುದಿಲ್ಲ. 2003ರಲ್ಲಿ ಕಂಪನಿ ಕಟ್ಟಿದವರು ಮಾರ್ಟಿನ್ ಎಬರ್‌ಹಾರ್ಡ್ ಮತ್ತು ಮಾರ್ಕ್ ಟಾರ್ಪೆನಿಂಗ್. ಮರುವರ್ಷ ಹಣ ಹೂಡಿ ಅಧ್ಯಕ್ಷರಾದವರು ಇಲಾನ್ ಮಸ್ಕ್. 2007ರ ಆಗಸ್ಟ್‌ನಲ್ಲಿ ಎಬರ್‌ಹಾರ್ಡ್ ಸಿಇಒ (ಮುಖ್ಯ ಕಾರ್ಯನಿರ್ವಾಹಕ) ಸ್ಥಾನದಿಂದ ಇಳಿಯಬೇಕಾಯಿತು. ಬಳಿಕ ಮೈಕೆಲ್ ಮಾರ್ಕ್ಸ್, ಅವರ ನಂತರ ಜೀವ್ ಡ್ರೋರಿ, 2008ರ ಅಕ್ಟೋಬರ್‌ನಲ್ಲಿ ಸ್ವತಃ ಮಸ್ಕ್. ಹದಿನಾಲ್ಕು ತಿಂಗಳಲ್ಲಿ ಒಂದೇ ಕುರ್ಚಿಗೆ ನಾಲ್ವರು! ಆಗ ಕಂಪನಿಯ ಮೊದಲ ಕಾರಾದ ರೋಡ್‌ಸ್ಟರ್ ಅನ್ನು ಕಾಡುತ್ತಿದ್ದುದು ಬಾಳಿಕೆ ಬರದ ಎರಡು ವೇಗದ ಗೇರ್‌ಬಾಕ್ಸ್. ಮೋಟಾರ್ ವ್ಯವಸ್ಥೆಯನ್ನು ಬಲಪಡಿಸಿ, ಒಂದೇ ವೇಗದ ಗೇರ್‌ಬಾಕ್ಸ್ ಕೂರಿಸಿ ಅದನ್ನು ಬಗೆಹರಿಸಿದವರು ಎಂಜಿನಿಯರುಗಳು. ಅವರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ.

ಹೊಸೂರಿನಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಸಣ್ಣ ಘಟಕದಲ್ಲಿ ದುಡಿಯುವ ನನಗೆ ಇದು ದೂರದ ಅಮೆರಿಕದ ಕಥೆಯಲ್ಲ. ಭಾಗ ಕೊಳ್ಳುವ ಕಂಪನಿಯಲ್ಲಿ ಮೇಲಧಿಕಾರಿ ಬದಲಾದರೆ ನಕ್ಷೆ ಬದಲಾಗುತ್ತದೆ, ಹಳೆಯ ಅಚ್ಚು ಗುಜರಿಗೆ ಹೋಗುತ್ತದೆ, ಬಾಕಿ ಹಣಕ್ಕೆ ಹೊಣೆಗಾರರೇ ಇರುವುದಿಲ್ಲ. ಹತ್ತಿರದ ತಳಿ, ಡೆಂಕಣಿಕೋಟೆ ಊರುಗಳ ಕಡೆಯಿಂದ ಪಾಳಿಗೆ ಬರುವ ನಮ್ಮ ಕನ್ನಡದ ಹುಡುಗರ ಗುತ್ತಿಗೆ ಕೆಲಸ ಮೊದಲು ಹೋಗುತ್ತದೆ.

ಕುರ್ಚಿ ಕಳೆದುಕೊಂಡ ಎಬರ್‌ಹಾರ್ಡ್ ಮಸ್ಕ್ ಮತ್ತು ಟೆಸ್ಲಾ ವಿರುದ್ಧ ನ್ಯಾಯಾಲಯಕ್ಕೆ ಹೋದರು. 2009ರ ರಾಜಿಯಲ್ಲಿ ಐವರಿಗೆ ಸಹಸಂಸ್ಥಾಪಕರೆಂಬ ಮನ್ನಣೆ ಸಿಕ್ಕಿತು. ಇಂಥ ಜಗಳದ ನಷ್ಟ ಹೊತ್ತ ಪೂರೈಕೆದಾರರು, ಕಾರ್ಮಿಕರ ಬಗ್ಗೆಯೂ ಲೇಖಕರು ದಯವಿಟ್ಟು ಬರೆಯಲಿ.